ನಮ್ಮ ತಾತನ ಕಿವಿ

ತಾತನ ತಿಥಿಗೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿ ಹೋದರು: "ಜೀವಮಾನವೆಲ್ಲ ದುಡಿದೇ ಸವೆದುಹೋಯ್ತು ಪಾಪ." ದುಡಿದದ್ದು ನಿಜ. ಮಾಗಡಿ ಕಡೆಯ ಹಳ್ಳಿಯಿಂದ ಬಂದು, ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ಸೇರಿ, ರಿಟೈರ್ ಆಗುವ ತನಕ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವರು. ತಂಗಿಯರ ಮದುವೆ, ಮಕ್ಕಳ ಓದು, ರಾಜಾಜಿನಗರದ ಮನೆ, ಎಲ್ಲ ಆ ಲೇತಿನಿಂದಲೇ ಆದದ್ದು. ಆದರೂ ಅವರನ್ನು ಕನಿಕರದಿಂದ ನೆನೆಯುವುದನ್ನು ನನ್ನಿಂದ ಒಪ್ಪಲಾಗುತ್ತಿಲ್ಲ. ಅವರಷ್ಟು ಸಂಗೀತ ಕೇಳಿ ಅವರಷ್ಟು ಸುಖಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ತಾತ ಪಾಠ ಕಲಿತವರಲ್ಲ, ಹಾಡಿದವರೂ ಅಲ್ಲ. ಹಳ್ಳಿಯ ಭಜನೆಮನೆಯಲ್ಲಿ ಕಿವಿ ತೆರೆದದ್ದು. ಅದನ್ನು ತಿದ್ದಿದ್ದು ಬೆಂಗಳೂರು ಆಕಾಶವಾಣಿ. ಶನಿವಾರ ರಾತ್ರಿಯ ಅಖಿಲ ಭಾರತ ಸಂಗೀತ ಕಾರ್ಯಕ್ರಮ 1952ರಲ್ಲಿ ಶುರುವಾದದ್ದು. ಅದನ್ನು ತಪ್ಪಿಸಬಾರದು ಅನ್ನುವುದಕ್ಕೆ ತಾತ ಶನಿವಾರದ ಸೆಕೆಂಡ್ ಶಿಫ್ಟನ್ನು ಯಾರಿಗಾದರೂ ಕೊಟ್ಟು, ಬದಲಿಗೆ ಅವರ ನೈಟ್ ಶಿಫ್ಟ್ ತಾವು ಹೊರುತ್ತಿದ್ದರು. ಅಜ್ಜಿಗೆ ಇದು ಹುಚ್ಚು ಅನ್ನಿಸುತ್ತಿತ್ತು. "ನಿದ್ದೆ ಕೆಡಿಸ್ಕೊಂಡು ಕೇಳೋವಂಥದ್ದು ಏನೈತೆ ಅದ್ರಲ್ಲಿ?" ಅಂತ ಕೇಳಿದರೆ, "ನೀನೂ ಬಂದು ಕೂತ್ಕೊ, ಹೇಳ್ತೀನಿ" ಅನ್ನುವರಂತೆ. ಕೊನೆಕೊನೆಗೆ ಅಜ್ಜಿ ಕಾಂಬೋದಿ ರಾಗಕ್ಕೂ ಕಲ್ಯಾಣಿ ರಾಗಕ್ಕೂ ವ್ಯತ್ಯಾಸ ಹೇಳುತ್ತಿದ್ದರು.

ಇನ್ನು ರಾಮನವಮಿ. ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯ ಸಂಗೀತೋತ್ಸವ ಶುರುವಾದದ್ದು 1939ರಲ್ಲಿ. ಕೋಟೆ ಹೈಸ್ಕೂಲ್ ಮೈದಾನದ ಆ ಪೆಂಡಾಲಿನಲ್ಲಿ ಕರ್ನಾಟಕ ಸಂಗೀತದ ದಿಗ್ಗಜರೂ ಹಾಡಿದ್ದಾರೆ, ಭೀಮಸೇನ ಜೋಶಿಯಂಥ ಹಿಂದೂಸ್ತಾನಿ ಗಾಯಕರೂ ಹಾಡಿದ್ದಾರೆ. ಫಸ್ಟ್ ಶಿಫ್ಟ್ ಮುಗಿಸಿ ಮನೆಗೆ ಬಂದು, ಕೈಗೆ ಮೆತ್ತಿದ ಕೂಲೆಂಟ್ ವಾಸನೆ ಹೋಗುವವರೆಗೆ ಉಜ್ಜಿ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಹೊರಡುವರು. ಮೊದಮೊದಲು ಒಳಗೆ ಹೋಗಲು ಹಿಂಜರಿಕೆ ಇತ್ತಂತೆ. ಸುತ್ತ ಕೂತವರು ತೊಡೆ ತಟ್ಟುತ್ತ ತಾಳ ಹಾಕುವವರು, ತಮಿಳು-ತೆಲುಗು ಸಾಹಿತ್ಯ ಬಾಯಿಪಾಠ ಇರುವವರು. ಪಕ್ಕ ಕೂತ ಹಿರಿಯರೊಬ್ಬರು ಒಂದು ದಿನ ತಾವಾಗಿಯೇ ಇವರ ಬೆರಳು ಹಿಡಿದು ಆದಿತಾಳ ಎಣಿಸಲು ಕಲಿಸಿದರಂತೆ. ಅವರ ಹೆಸರು ತಾತನಿಗೂ ಗೊತ್ತಿರಲಿಲ್ಲ. ಆದರೆ ಅವರ ಮಾತು ಬಂದಾಗಲೆಲ್ಲ ತಾತ "ನಮ್ಮ ಗುರುಗಳು" ಅಂತಲೇ ಹೇಳಿದ್ದು.

ಪಿಟೀಲು ಚೌಡಯ್ಯನವರ ಮೇಲೆ ಅವರಿಗೆ ವಿಶೇಷ ಭಕ್ತಿ. ಮೈಕ್ ಇಲ್ಲದ ಕಾಲದಲ್ಲಿ ಪಿಟೀಲಿನ ನಾದ ಸಭೆಯ ಕೊನೆಯವರೆಗೂ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ನುಡಿಸಿದವರು ಚೌಡಯ್ಯ. "ಹಿಂದಿನ ಸಾಲಿನೋರಿಗೂ ಕೇಳ್ಬೇಕು ಅಂತ ಯೋಚನೆ ಮಾಡಿದ್ರಲ್ಲ, ಅದು ದೊಡ್ಡಸ್ತಿಕೆ ಕಣಪ್ಪ" ಅನ್ನುವರು. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದ ಮುಂದೆ ಬಸ್ಸು ಹಾದುಹೋಗುವಾಗ ದೇವಸ್ಥಾನಕ್ಕೆ ಮುಗಿದ ಹಾಗೆ ಕೈಮುಗಿಯುತ್ತಿದ್ದರು.

1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದಾಗ ತಾತನೂ ಅದರಲ್ಲಿದ್ದರು. 77 ದಿನ ಸಂಬಳವಿಲ್ಲ. ಅಜ್ಜಿಯ ಬಳೆ ಗಿರವಿಗೆ ಹೋಯಿತು. ತಾತ ಚಿಕ್ಕ ವರ್ಕ್‌ಶಾಪ್‌ಗಳಲ್ಲಿ ಕೂಲಿಗೆ ನಿಂತರು, ರೇಡಿಯೊ ಮಾತ್ರ ಮಾರಲಿಲ್ಲ. ಮುಷ್ಕರ ಮುಗಿದದ್ದು ಮಾರ್ಚ್‌ನಲ್ಲಿ. ಏಪ್ರಿಲ್‌ನಲ್ಲಿ ರಾಮನವಮಿ ಬಂದಾಗ ಟಿಕೆಟ್ಟಿಗೆ ದುಡ್ಡಿಲ್ಲ. ಪೆಂಡಾಲಿನ ಆಚೆ, ಫುಟ್‌ಪಾತ್ ಮೇಲೆ ನ್ಯೂಸ್‌ಪೇಪರ್ ಹಾಸಿಕೊಂಡು ಕೂತು ಕೇಳಿ ಬಂದರು. ಅಪ್ಪ ಆಗ ಹುಡುಗ, ಅವರ ಪಕ್ಕದಲ್ಲೇ ನಿದ್ದೆಹೋಗಿದ್ದರಂತೆ. ಬೀದಿಯಲ್ಲಿ ಕೂತವನಿಗೂ ಇಡೀ ಕಛೇರಿ ಸಿಕ್ಕ ಊರು ಇದು ಅನ್ನುವುದು ನನಗೆ ಇಂದಿಗೂ ಹೆಮ್ಮೆ.

ಆ ಕಿವಿಯ ವಿಷಯಕ್ಕೆ ಬರುತ್ತೇನೆ. ಟೂಲ್ ಮೊಂಡಾಗಿದೆಯೇ ಅಂತ ತಿಳಿಯಲು ತಾತನಿಗೆ ಲೇತ್ ನಿಲ್ಲಿಸಿ ನೋಡುವುದು ಬೇಕಿರಲಿಲ್ಲವಂತೆ, ಶಬ್ದದಲ್ಲೇ ಗೊತ್ತಾಗುತ್ತಿತ್ತು. ವರ್ಕ್‌ಶಾಪ್‌ನ ಗದ್ದಲಕ್ಕೆ ಕಿವಿ ಹೋದರೆ ಸಂಗೀತವೂ ಹೋಗುತ್ತದೆ ಅಂತ ಅವರು ಯಾರೂ ಹೇಳದೆಯೇ ಊಹಿಸಿದ್ದರು. ಹತ್ತಿ ಉಂಡೆ ಮಾಡಿ ತುರುಕಿಕೊಂಡು ನಿಲ್ಲುತ್ತಿದ್ದರು. ಜೊತೆಯವರು ನಗುತ್ತಿದ್ದರಂತೆ. ಬರೀ ಹತ್ತಿಯಿಂದ ಅಂಥ ಶಬ್ದ ನಿಲ್ಲುವುದಿಲ್ಲ ಅಂತ ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಯಂತ್ರದ ಸದ್ದಿನಿಂದ ಹೋಗುವ ಶ್ರವಣ ಮೊದಲು ಹೋಗುವುದು ತಾರದ ಕಡೆ, ಅಂದರೆ ಎತ್ತರದ ಸ್ವರಗಳ ಕಡೆ, 4,000 ಹರ್ಟ್ಸ್ ಆಸುಪಾಸಿನಲ್ಲಿ. ಮಾತು ಕೇಳುತ್ತಲೇ ಇರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ತಾತನಿಗೆ ಮೊದಲು ತಂಬೂರಿಯ ಝೇಂಕಾರ ತೆಳುವಾಯಿತು, ಆಮೇಲೆ ಮೃದಂಗದ ಬಲಗಡೆಯ ಪೆಟ್ಟು. ಬಹಳ ದಿನ "ಮೈಕ್‌ನೋರು ಸರಿಯಾಗಿ ಇಟ್ಟಿಲ್ಲ" ಅನ್ನುತ್ತಿದ್ದರು.

ಹಿಯರಿಂಗ್ ಏಡ್ ಕೊಡಿಸಿದೆವು. ಮನೆಯವರ ಮಾತು ಸ್ಪಷ್ಟವಾಯಿತು, ಸಂಗೀತ ಕೆಟ್ಟಿತು. "ಷಡ್ಜ ನಡುಗ್ತದೆ ಕಣೋ" ಅಂತ ತೆಗೆದಿಟ್ಟರು. ವಯಸ್ಸಾದವರ ಹಟ ಅಂತ ಮನೆಯಲ್ಲಿ ಕೆಲವರು ಅಂದರು. ಹಟವಲ್ಲ. ಆ ಯಂತ್ರ ಮಾತಿಗಾಗಿ ಮಾಡಿದ್ದು. ದೀರ್ಘವಾಗಿ ಹಿಡಿದ ಸ್ವರವನ್ನು ತನ್ನದೇ ಕೀಚಲು ಶಬ್ದ ಅಂತ ತಿಳಿದು ಅಳಿಸಲು ಹೋಗುತ್ತದೆ, ಸ್ವರ ಅಲುಗುತ್ತದೆ. ಸಂಗೀತಕ್ಕೆ ಬೇರೆ ಪ್ರೋಗ್ರಾಮ್ ಹಾಕಿಕೊಡಬಹುದು ಅಂತ ಹೇಳಿದವರು ನಾವು ತೋರಿಸಿದ ಎರಡನೇ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು. ಹಾಕಿಸಿದ ರಾತ್ರಿ ತಾತ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಕ್ಯಾಸೆಟ್ಟಿನ ಎರಡೂ ಸೈಡ್ ಕೇಳಿ, "ಮುಕ್ಕಾಲು ಭಾಗ ವಾಪಸ್ ಬಂತು" ಅಂದರು. ಮನೆಯಲ್ಲಿ ಸಂಗೀತ ಕೇಳುವ ಹಿರಿಯರಿದ್ದರೆ ದಯವಿಟ್ಟು ಇದನ್ನು ಕೇಳಿ ಮಾಡಿಸಿಕೊಡಿ.

ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ ಶಬ್ದದ ಮಿತಿ 90 ಡೆಸಿಬೆಲ್. ಸದ್ದಿನಿಂದ ಬರುವ ಕಿವುಡು ಕಾನೂನಿನ ಪಟ್ಟಿಯಲ್ಲಿರುವ ಔದ್ಯೋಗಿಕ ಕಾಯಿಲೆ. ಕಾಗದದ ಮೇಲೆ ಎಲ್ಲ ಇದೆ. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಿಗೆ ಹೋಗಿ ನೋಡಿ, ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು ಯಂತ್ರದ ಮುಂದೆ ನಿಂತ ಹುಡುಗರು ಕಾಣುತ್ತಾರೆ. ಗದ್ದಲದ ಮೇಲೆ ಗದ್ದಲ. ಅವರಿಗೂ ಹಾಡು ಬೇಕು, ತಾತನಿಗೆ ಬೇಕಿದ್ದ ಹಾಗೆಯೇ. ನಮ್ಮ ಚಿಕ್ಕಪ್ಪನದೂ ಅಲ್ಲೊಂದು ಚಿಕ್ಕ ವರ್ಕ್‌ಶಾಪ್ ಇದೆ. ತಿಥಿಯ ಊಟ ಮುಗಿದ ಮೇಲೆ ಅವರ ಹತ್ತಿರ ಈ ಮಾತೆತ್ತಿದೆ. ಒಪ್ಪಿದ್ದಾರೆ. ಸದ್ದು ತಡೆಯಲು ಕಿವಿ ಮುಚ್ಚುವ ಇಯರ್‌ಮಫ್ ಆರ್ಡರ್ ಮಾಡಿದ್ದೇವೆ, ಸೋಮವಾರ ಬರುತ್ತವೆ. ಮಧ್ಯಾಹ್ನದ ಊಟದ ಹೊತ್ತಿಗೆ ಯಂತ್ರಗಳೆಲ್ಲ ನಿಂತಾಗ ಹಾಕಲಿಕ್ಕೆ ಒಂದು ಸ್ಪೀಕರ್ ಕೊಡಿಸುವ ಜವಾಬ್ದಾರಿ ನನ್ನದು. ಹಾಡು ಯಾವುದಿರಬೇಕು ಅನ್ನುವುದು ಆ ಹುಡುಗರ ಆಯ್ಕೆ.