ಇನ್ನೊಮ್ಮೆ ಊದು ಪುಟ್ಟಿ

ಕೇಕಿನ ಗುಲಾಬಿ ಬಣ್ಣ ಇನ್ನೂ ನನ್ನ ಅಂಗಿಯ ತೋಳಿನಲ್ಲಿದೆ. ಎರಡು ಸಲ ಒಗೆದರೂ ಹೋಗಿಲ್ಲ. ಮೊನ್ನೆ ಮಗಳಿಗೆ ಮೂರು ತುಂಬಿತು. ಅವಳ ನರ್ಸರಿಯಲ್ಲೇ ಬರ್ತ್‌ಡೇ ಮಾಡಬೇಕು ಅಂತ ವಾರದ ಮೊದಲೇ ಫೋನಿಗೆ ಮೆಸೇಜು ಬಂದಿತ್ತು.

ನಾವು ಧಾರವಾಡದವರು. ಲೈನ್ ಬಜಾರಿಗೆ ಹೋಗಿ ಒಂದು ಕಿಲೋ ಪೇಡೆ ತಂದರೆ ಮುಗೀತು ಅಂದುಕೊಂಡಿದ್ದೆ. ಟೀಚರ್ ಒಪ್ಪಲಿಲ್ಲ. 'ಪೇಡೆ ಬ್ಯಾಡ್ರಿ ಸರ್, ಹುಡುಗ್ರು ಸಕ್ಕರಿ ಎಲ್ಲಾ ಕಡೆ ಉದುರಸ್ತಾವು.' ಜಿಐ ಟ್ಯಾಗ್ ಇರುವ ಪೇಡೆಗೆ ಅದರ ಊರಿನ ನರ್ಸರಿಯಲ್ಲೇ ಜಾಗವಿಲ್ಲ. ಕ್ರೀಮ್ ಕೇಕು ನಡೆಯುತ್ತದಂತೆ. ಹೌದಲ್ಲ, ಅದು ಉದುರುವುದಿಲ್ಲ, ಮೆತ್ತಿಕೊಳ್ಳುತ್ತದೆ.

ಕೇಕನ್ನು ನಾದಿನಿ ಹುಬ್ಬಳ್ಳಿಯಲ್ಲಿ ಹೇಳಿಟ್ಟಿದ್ದಳು. ತಂದವನು ನಾನು, ಚಿಗರಿ ಬಸ್ಸಿನಲ್ಲಿ, ನಿಂತುಕೊಂಡು. ಎರಡೂ ಕೈಯಲ್ಲಿ ಡಬ್ಬಿ, ಕಂಬ ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ? ಉಣಕಲ್ ಹತ್ತಿರ ಬ್ರೇಕ್ ಬಿತ್ತು. ಮಗಳ ಹೆಸರಿನ ಕೊನೆಯ ಅಕ್ಷರ ಡಬ್ಬಿಗೆ ಅಂಟಿತು.

ಇನ್ನು ಮೇಣದಬತ್ತಿಯ ಕತೆ. ಮಗಳು ಉಫ್ ಅಂದಳು, ಆರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಚಾಕು ಎತ್ತಿದೆ. 'ಒಂದ್ನಿಮಿಷ ಸರ್, ವಿಡಿಯೋ ಆಗಲಿಲ್ರಿ. ಇನ್ನೊಮ್ಮೆ ಊದು ಪುಟ್ಟಿ.' ಮತ್ತೆ ಹಚ್ಚಿದೆವು. ಈ ಸಲ ಪಕ್ಕದ ಹುಡುಗ ಊದಿಬಿಟ್ಟ. ಮಗಳು ಹೋ ಎಂದು ಅತ್ತಳು. 'ಅಳೂದು ಬಂತ್ರಿ, ಇನ್ನೊಮ್ಮೆ.' ಮೂರನೇ ಸಲ ಟೀಚರ್ ಫೋನಿನಲ್ಲಿ ಜಾಗ ಇರಲಿಲ್ಲ. ಅವರು ಹಳೇ ಫೋಟೋ ಒಂದೊಂದೇ ನೋಡಿ ಅಳಿಸುವವರೆಗೆ ಇಪ್ಪತ್ತೆರಡು ಮಕ್ಕಳು ಬಾಯಿ ತೆರೆದು ಕೇಕಿನ ಸುತ್ತ ಕಾದವು. ಬತ್ತಿ ಕರಗಿ ಕ್ರೀಮಿಗೆ ಇಳಿಯಿತು. ನಾಲ್ಕನೇ ಸಲ ಮಗಳು ಊದಲೇ ಇಲ್ಲ. ಉಗುಳಿದಳು. ಬತ್ತಿ ಆರಿತು ಬಿಡಿ. ಟೀಚರ್‌ಗೆ ಭಾಳ ಖುಷಿ. ಆ ಕೇಕನ್ನೇ ನಾನು ಇಪ್ಪತ್ತೆರಡು ತುಂಡು ಮಾಡಿದೆ. ಆ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಓದದಿರಲಿ.

ನಮ್ಮ ಕಾಲದಲ್ಲಿ ಬಣ್ಣದ ಅಂಗಿ ಹಾಕಿಕೊಂಡು ಹೋದರೆ ಅದೇ ಬರ್ತ್‌ಡೇ. ಎಲ್ಲರಿಗೂ ಒಂದೊಂದು ಲಿಂಬಿಹುಳಿ, ಅಕ್ಕೋರಿಗೆ ಎರಡು. ಉಳಿದವು ಚಡ್ಡಿ ಕಿಸೆಯಲ್ಲಿ ಕರಗಿ ಸಂಜೆಗೆ ಬಟ್ಟೆಯ ಎಳೆ ಸಮೇತ ಬಾಯಿಗೆ ಬರುತ್ತಿದ್ದವು. ಅಪ್ಪನಿಗೆ ಅದೂ ಇರಲಿಲ್ಲ. ಶಾಲೆಗೆ ಹಾಕಿದಾಗ ಮಾಸ್ತರರು ಹುಟ್ಟಿದ ದಿನ ಜೂನ್ 1 ಅಂತ ಬರೆದುಕೊಂಡರು. ಇಬ್ಬರು ಕಾಕಾಗಳದ್ದೂ ಜೂನ್ 1. ನಿಜವಾದ ದಿನ ಅಜ್ಜಿಗೆ ಗೊತ್ತಿತ್ತು. 'ಶೀಗಿ ಹುಣ್ಣಿವಿ ಮುಂದ, ಜ್ವಾಳ ಮೊಣಕಾಲುದ್ದ ಇತ್ತು' ಅನ್ನುತ್ತಿದ್ದಳು. ಅಪ್ಪ ಈಗಲೂ ಕೆಲವು ಸಲ ಹೊಲ ನೋಡಿ ಇಷ್ಟೇ ಎತ್ತರ ಇತ್ತೇನೋ ಅನ್ನುತ್ತಾರೆ.

ರಾತ್ರಿ ವಿಡಿಯೋ ಬಂತು. ಒಂಬತ್ತು ಸೆಕೆಂಡು. ಅಪ್ಪ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದರು. ಕೇಕು ಇತ್ತು, ಬಲೂನು ಇತ್ತು, ನನ್ನ ಹೊಟ್ಟೆ ಪೂರ್ತಿ ಇತ್ತು.

'ಛಲೋ ಬಂದೈತಿ,' ಅಂದರು. 'ಕೂಸು ಎಲ್ಲೈತೋ?'