ಸಂಪ್ ಮುಚ್ಚಳ ಮತ್ತು ಪರ್ಸ್ ಸಾಹೇಬರು

ಮೊನ್ನೆ ಬೆಳಿಗ್ಗೆ ಮೋಟರ್ ಹಾಕಿದರೆ ಸದ್ದು ಬರ್ತಿದೆ, ಟ್ಯಾಂಕಿಗೆ ನೀರು ಏರ್ತಿಲ್ಲ. ಅಪ್ಪ "ಏರ್ ಹಿಡಿದಿದೆ ಕಣೋ" ಅಂತ ಬಕೆಟ್ ತಂದು ಮೋಟರಿಗೆ ನೀರು ಕುಡಿಸೋಕೆ ಶುರು ಮಾಡಿದರು. ನಾನು "ಫುಟ್‌ವಾಲ್ವ್ ಹೋಗಿದೆ" ಅಂದೆ. ಅರ್ಧ ಗಂಟೆ ಜಟಾಪಟಿ. ಕೊನೆಗೆ ಕಾಂಪೌಂಡ್ ಆಚೆಯಿಂದ ಪಕ್ಕದ ಮನೆ ಆಂಟಿ ಕೇಳಿದರು: "ಸಂಪ್ ಮುಚ್ಚಳ ತೆಗೆದು ನೋಡಿದ್ರಾ? ಎರಡು ದಿನದಿಂದ ನಮಗೂ ನೀರು ಬಿಟ್ಟಿಲ್ಲ."

ತೆಗೆದು ನೋಡಿದರೆ ತಳದ ಕೆಸರು ಕಾಣ್ತಿತ್ತು.

ಆಗ ನೆನಪಾದವನು ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914), ಪ್ರಾಗ್ಮ್ಯಾಟಿಸಂಗೆ, ಅಂದರೆ ಒಂದು ವಿಚಾರದ ಅರ್ಥ ಅದರಿಂದ ಆಗೋ ಪರಿಣಾಮಗಳಲ್ಲಿದೆ ಅನ್ನೋ ವಾದಕ್ಕೆ, ಅಡಿಪಾಯ ಹಾಕಿದವನು. (ಹೆಸರನ್ನು ಪರ್ಸ್ ಅಂತಲೇ ಓದಬೇಕು. ಪಾಪ, ಕೊನೆಗಾಲದಲ್ಲಿ ಅವನ ಪರ್ಸ್ ಖಾಲಿಯೇ ಇತ್ತು.) ಸುಮಾರು ಮೂವತ್ತು ವರ್ಷ ಸರ್ಕಾರಿ ಸರ್ವೆ ಇಲಾಖೆಯಲ್ಲಿ ಲೋಲಕ ತೂಗಿಸಿ ಗುರುತ್ವ ಅಳೆದ ಮನುಷ್ಯ. ನಂಬಿಕೆ ಅಂದರೆ ತಲೆಯೊಳಗಿನ ಚಿತ್ರವಲ್ಲ, ನಡೆದುಕೊಳ್ಳುವ ರೂಢಿ ಅಂತ ಅವನ ವಾದ. ರೂಢಿ ಎಡವಿದಾಗ ಮನಸ್ಸು ಕಸಿವಿಸಿಗೊಳ್ಳುತ್ತೆ, ಯೋಚನೆ ಶುರುವಾಗೋದೇ ಅಲ್ಲಿಂದ. ಸುಮ್ಮನೆ ಹಾಳೆ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರೆದ ಮಾತ್ರಕ್ಕೆ ಅನುಮಾನ ಹುಟ್ಟಲ್ಲ. "ಎಲ್ಲವನ್ನೂ ಪ್ರಶ್ನಿಸು" ಅಂತ ಡಿಪಿ ಹಾಕಿಕೊಂಡವರು ಇದನ್ನ ಓದಬೇಕು.

ನನಗೆ ಹೆಚ್ಚು ಹಿಡಿಸಿದ್ದು ಅವನ 1877ರ ಪ್ರಬಂಧದಲ್ಲಿ ಬರೋ ಹಟಮಾರಿಗಳ ವಿಚಾರ. ತನಗೆ ಬೇಕಾದ್ದನ್ನೇ ಗಟ್ಟಿಯಾಗಿ ಹಿಡಿದು, ಅದನ್ನ ಅಲುಗಾಡಿಸೋದರಿಂದೆಲ್ಲ ಮುಖ ತಿರುಗಿಸೋ ಮಂದಿ. ಮುಕ್ತ ವ್ಯಾಪಾರದ ಬಗ್ಗೆ ನಿನ್ನ ಅಭಿಪ್ರಾಯ ಬದಲಾದೀತು, ಇಂಥ ಪತ್ರಿಕೆ ಓದಬೇಡ ಅಂತ ಅವನಿಗೇ ಯಾರೋ ಗೋಗರೆದಿದ್ದರಂತೆ! ಆದರೆ ಪರ್ಸ್ ಇಂಥವರನ್ನ ದಡ್ಡರು ಅನ್ನಲ್ಲ. ಅವರ ದಾರಿ ಅವೈಚಾರಿಕ ಅಂತ ಆಕ್ಷೇಪಿಸೋದೇ ನಮ್ಮ ಅಧಿಕಪ್ರಸಂಗ ಅಂತಾನೆ. ಆ ಹಟ ಯಾಕೆ ಬಹಳ ದಿನ ಬಾಳಲ್ಲ ಅಂದ್ರೆ, ಮನುಷ್ಯ ನಾಲ್ಕು ಜನರ ನಡುವೆ ಬದುಕೋನು. ಅವರಿಗೂ ತಲೆ ಇದೆ, ಅವರದ್ದು ಬೇರೆ ಮಾತು, ಅದು ಕಿವಿಗೆ ಬಿದ್ದೇ ಬೀಳುತ್ತೆ. ಅಂದರೆ ವೈಚಾರಿಕತೆಯ ಅರ್ಧ ಭಾಗ ಕಾಂಪೌಂಡ್ ಆಚೆ ಇರುತ್ತೆ. ಅಪ್ಪನಿಗೂ ನನಗೂ ಬುದ್ಧಿ ಕಮ್ಮಿ ಇರಲಿಲ್ಲ, ಆಂಟಿ ಇರಲಿಲ್ಲ ಅಷ್ಟೇ.

ಪರ್ಸ್‌ನ ಗೆಳೆಯ, ತತ್ವಜ್ಞಾನಿ ವಿಲಿಯಂ ಜೇಮ್ಸ್ "ಪ್ರಾಗ್ಮ್ಯಾಟಿಸಂ" ಅನ್ನೋ ಪದವನ್ನ ಜನಪ್ರಿಯ ಮಾಡಿದ. ಜನ ಅದನ್ನ ಮನಸ್ಸಿಗೆ ಬಂದಂಗೆ ಎಳೆದಾಡೋದು ನೋಡಿ ರೋಸಿದ ಪರ್ಸ್, 1905ರಲ್ಲಿ ತನ್ನ ವಾದಕ್ಕೆ "ಪ್ರಾಗ್ಮ್ಯಾಟಿಸಿಸಂ" ಅಂತ ಹೊಸ ಹೆಸರಿಟ್ಟ. ಇಷ್ಟು ಕುರೂಪಿ ಪದವನ್ನ ಯಾರೂ ಅಪಹರಿಸಲ್ಲ ಅನ್ನೋ ಧೈರ್ಯದಿಂದ.

ಅಪ್ಪ ಈಗ ಸ್ವಿಚ್ ಹಾಕೋ ಮುಂಚೆ ಮುಚ್ಚಳ ಎತ್ತಿ ಇಣುಕ್ತಾರೆ. ನಾನು? ಫ್ಯಾಮಿಲಿ ಗ್ರೂಪಿನಲ್ಲಿ ವಾದ ಮಾಡ್ತಾರೆ ಅಂತ ಹೋದ ವರ್ಷ ಮ್ಯೂಟ್ ಮಾಡಿದ ಭಾವ ಇನ್ನೂ ಮ್ಯೂಟ್‌ನಲ್ಲೇ ಇದ್ದಾರೆ.