ರೈಲು ಬಂದರೆ ಪೇಟೆ ಬದುಕುತ್ತದೆಯೇ?

ಮಧ್ಯಮ ಗಾತ್ರದ ಯಾವ ನಗರವನ್ನೇ ತೆಗೆದುಕೊಳ್ಳಿ, ಕೆಲವು ವರ್ಷಕ್ಕೊಮ್ಮೆ ಒಂದು ಬಣ್ಣದ ಚಿತ್ರ ಹೊರಬೀಳುತ್ತದೆ. ಕಂಬಗಳ ಮೇಲೆ ನುಣುಪಾದ ರೈಲು, ಕೆಳಗೆ ಸಾಲುಮರ, ಕೈಬೀಸಿ ನಡೆಯುವ ನಗುಮುಖದ ಜನ. ಅದು ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ ಎಂದು ಆ ಚಿತ್ರ ಹೇಳುವುದಿಲ್ಲ. ಇಳಿದವರು ಹೋಗುವುದಾದರೂ ಎಲ್ಲಿಗೆ ಎಂದು ಹೇಳುವುದೇ ಇಲ್ಲ. ನಾವೂ ಕೇಳುವುದಿಲ್ಲ, ಚಿತ್ರ ಚೆನ್ನಾಗಿದೆ ಎಂದು ಹಂಚಿಕೊಂಡು ಸುಮ್ಮನಾಗುತ್ತೇವೆ.

ಸಾರಿಗೆಯ ಕಡತ ಒಂದು ಮೇಜಿನ ಮೇಲೆ, ನಡುಪೇಟೆಯ ಅಭಿವೃದ್ಧಿಯ ಕಡತ ಇನ್ನೊಂದು ಮೇಜಿನ ಮೇಲೆ ಇರುವ ತನಕ ಎಷ್ಟು ಹಣ ಸುರಿದರೂ ದಕ್ಕುವುದು ಉದ್ಘಾಟನೆಯ ಕಲ್ಲು ಮಾತ್ರ ಎಂಬುದು ನನ್ನ ಗಟ್ಟಿ ನಂಬಿಕೆ. ಇದು ಸಿನಿಕತನ ಎನ್ನುವವರು ಅಮೆರಿಕದ ಬಫಲೋ ನಗರದ ಕಥೆ ಕೇಳಬೇಕು.

1984ರಲ್ಲಿ ಅಲ್ಲಿನ ಮೇನ್ ಸ್ಟ್ರೀಟ್‌ನಲ್ಲಿ ಲಘು ರೈಲು, ಅಂದರೆ ಟ್ರಾಮ್‌ನಂಥ ಹಗುರ ನಗರ ರೈಲು, ಓಡತೊಡಗಿತು. ನಡುಪೇಟೆಯಲ್ಲಿ ಕಾರುಗಳನ್ನು ಹೊರಗಿಟ್ಟು ಬೀದಿಯನ್ನು ರೈಲಿಗೂ ನಡೆಯುವವರಿಗೂ ಬಿಟ್ಟುಕೊಟ್ಟರು. ಅಷ್ಟು ದೂರಕ್ಕೆ ಟಿಕೆಟ್ಟೂ ಬೇಕಿರಲಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೂ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲವು ದಶಕಗಳ ನಂತರ ಅದೇ ಬೀದಿಗೆ ಕಾರುಗಳನ್ನು ಹಂತಹಂತವಾಗಿ ವಾಪಸು ಬಿಡಬೇಕಾಯಿತು. ಸಾರ್ವಜನಿಕ ಸಾರಿಗೆಗೆ ಹಣ ಹಾಕಬೇಡಿ ಎನ್ನುವವರು ಈ ಉದಾಹರಣೆಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ.

ಅವರು ಹೇಳದೆ ಬಿಡುವ ಭಾಗವೂ ಇದೆ. 1950ರಲ್ಲಿ ಸುಮಾರು 5.8 ಲಕ್ಷವಿದ್ದ ಬಫಲೋದ ಜನಸಂಖ್ಯೆ 1990ರ ಹೊತ್ತಿಗೆ 3.3 ಲಕ್ಷದ ಆಸುಪಾಸಿಗೆ ಕುಸಿದಿತ್ತು. ವಿಶ್ವವಿದ್ಯಾಲಯದ ದೊಡ್ಡ ಆವರಣವನ್ನು ನಗರದ ಹೊರಗೆ ಆಮ್ಹರ್ಸ್ಟ್‌ನಲ್ಲಿ ಕಟ್ಟಿದರು. ಅಲ್ಲಿಯವರೆಗೆ ಹೋಗಬೇಕೆಂದು ಯೋಜಿಸಿದ್ದ ರೈಲು ಸುಮಾರು 10 ಕಿಲೋಮೀಟರಿಗೇ ನಿಂತುಬಿಟ್ಟಿತು. ವ್ಯಾಪಾರ ಹೊರವಲಯದ ಮಾಲ್‌ಗಳಿಗೆ ಹೋಯಿತು, ನಡುಪೇಟೆಯ ಹಳೆಯ ಕಟ್ಟಡಗಳನ್ನು ಕೆಡವಿದ ಜಾಗ ಪಾರ್ಕಿಂಗ್ ಮೈದಾನವಾಯಿತು. ಓದುವವರು, ಕೊಳ್ಳುವವರು, ವಾಸಿಸುವವರು ಎಲ್ಲರೂ ಹೊರಗೆ ಹೋದ ಮೇಲೆ ಆ ರೈಲು ಯಾರನ್ನು ಎಲ್ಲಿಗೆ ಕರೆದೊಯ್ಯಬೇಕಿತ್ತು? ಡೆಟ್ರಾಯಿಟ್‌ನಲ್ಲಿ 1987ರಲ್ಲಿ ಶುರುವಾದ ಎತ್ತರಿಸಿದ ಹಳಿಯ ಪುಟ್ಟ ರೈಲು ಇದಕ್ಕಿಂತ ವಿಚಿತ್ರ. ಹೊರವಲಯದಿಂದ ದೊಡ್ಡ ರೈಲುಗಳು ಬರುತ್ತವೆ, ಅದರಲ್ಲಿ ಬಂದವರನ್ನು ನಡುಪೇಟೆಯೊಳಗೆ ಹಂಚಬೇಕು ಎಂದು ಅದನ್ನು ಕಟ್ಟಿದ್ದರು. ದೊಡ್ಡ ರೈಲು ಬರಲೇ ಇಲ್ಲ. ಪುಟ್ಟದು ಮಾತ್ರ ಐದು ಕಿಲೋಮೀಟರಿಗಿಂತ ಕಡಿಮೆ ಉದ್ದದ ತನ್ನ ವೃತ್ತದಲ್ಲಿ ಇಂದಿಗೂ ಸುತ್ತುತ್ತಿದೆ, ಗಾಣದ ಎತ್ತಿನ ಹಾಗೆ.

ಇನ್ನು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್ ನೋಡಿ. ಆಗ ಸುಮಾರು ಎರಡೂವರೆ ಲಕ್ಷ ಜನರಿದ್ದ ನಗರ. 1980ರ ದಶಕದ ಕೊನೆಯಲ್ಲಿ ಅಲ್ಲಿಯೂ ದೊಡ್ಡ ಜಗಳ ನಡೆಯಿತು: ನೆಲದಡಿಯ ಚಾಲಕರಹಿತ ಮೆಟ್ರೋ ಬೇಕೋ, ಬೀದಿಯ ಮೇಲಿನ ಟ್ರಾಮ್ ಬೇಕೋ? ವ್ಯಾಪಾರಿಗಳಲ್ಲಿ ಹೆಚ್ಚಿನವರು ಮೆಟ್ರೋ ಪರವಾಗಿದ್ದರು. ಕಾರಣ ಊಹಿಸಬಹುದು: ರೈಲು ನೆಲದಡಿ ಹೋದರೆ ಮೇಲಿನ ಬೀದಿ ಕಾರುಗಳಿಗೇ ಉಳಿಯುತ್ತದೆ. 1989ರ ಚುನಾವಣೆಯಲ್ಲಿ ಟ್ರಾಮ್ ಪರ ನಿಂತ ಕ್ಯಾಥರೀನ್ ಟ್ರೌಟ್‌ಮನ್ ಮೇಯರ್ ಆದರು. ನಗರದ ನಟ್ಟನಡುವಿನ ಕ್ಲೇಬರ್ ಚೌಕದ ಮೂಲಕ ಹಾದುಹೋಗುತ್ತಿದ್ದ ವಾಹನ ಸಂಚಾರವನ್ನು ಮೊದಲು ನಿಲ್ಲಿಸಿದರು. 1994ರ ನವೆಂಬರ್‌ನಲ್ಲಿ ಟ್ರಾಮ್ ಓಡಿತು. ಟ್ರಾಮ್ ಇಲ್ಲಿ ಬೀದಿಯನ್ನು ಮರಳಿ ಪಡೆಯುವ ಉಪಾಯವಾಗಿತ್ತು. ಹಳಿ ಹಾಕುವ ನೆಪದಲ್ಲಿ ಕಾಲುದಾರಿ, ಮರ, ಕೂರುವ ಜಾಗ ಎಲ್ಲವನ್ನೂ ಹೊಸದಾಗಿ ಹಂಚಿದರು. ಇಳಿದವರಿಗೆ ಹೋಗಲು ಜಾಗವಿತ್ತು.

ಹಾಗೆಂದು ಎಲ್ಲ ಊರಿಗೂ ಟ್ರಾಮ್ ಬರಲಿ ಎಂದು ನಾನು ಕೂಗುತ್ತಿಲ್ಲ. ಬಹುತೇಕ ನಗರಗಳಿಗೆ ಬಸ್ಸು ಸಾಕು. ಬಸ್ಸನ್ನು ಬಡವರ ವಾಹನವೆಂದು ಮೂಗು ಮುರಿಯುವ ಯೋಜಕರಿಗೆ ಒಂದು ಲೆಕ್ಕ ತೋರಿಸಬೇಕಿದೆ.

ಒಂದು ಮಾರ್ಗದಲ್ಲಿ ಬಸ್ಸು ಹೋಗಿ ಬರಲು 60 ನಿಮಿಷ ಬೇಕು ಎಂದುಕೊಳ್ಳಿ. ಹತ್ತು ನಿಮಿಷಕ್ಕೊಂದು ಬಸ್ಸು ಬರಬೇಕಾದರೆ ಆರು ಬಸ್ಸು ಬೇಕು. ದಟ್ಟಣೆ ಹೆಚ್ಚಿ ಅದೇ ಸುತ್ತಿಗೆ 80 ನಿಮಿಷ ಹಿಡಿದರೆ ಎಂಟು ಬಸ್ಸು. ಎರಡು ಬಸ್ಸು ಹೆಚ್ಚಾದವು, ಅದಕ್ಕೆ ತಕ್ಕ ಚಾಲಕರೂ ಹೆಚ್ಚಾದರು, ಪ್ರಯಾಣಿಕನಿಗೆ ಮಾತ್ರ ಏನೂ ಸಿಗಲಿಲ್ಲ. ಮೊದಲಿನಷ್ಟೇ ಕಾಯಬೇಕು, ಮೊದಲಿಗಿಂತ ಹೆಚ್ಚು ಹೊತ್ತು ಒಳಗೆ ಕೂರಬೇಕು. ಕಾರುಗಳ ಹಿಂದೆ ನಿಂತಿರುವುದಕ್ಕೇ ಸಾರಿಗೆ ಸಂಸ್ಥೆ ಎರಡು ಬಸ್ಸು ಕೊಂಡಂತಾಯಿತು! ಈಗ ತಿರುಗಿಸಿ ನೋಡಿ. ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟು, ಸಿಗ್ನಲ್ ಬಸ್ಸು ಬರುವುದನ್ನು ಗುರುತಿಸಿ ಹಸಿರಾಗುವಂತೆ ಮಾಡಿ, ಹತ್ತುವ ಮೊದಲೇ ಟಿಕೆಟ್ ಪಡೆಯುವಂತೆ ಮಾಡಿ ಸುತ್ತನ್ನು 48 ನಿಮಿಷಕ್ಕೆ ಇಳಿಸಿದರೆ ಅದೇ ಆರು ಬಸ್ಸುಗಳಿಂದ ಎಂಟು ನಿಮಿಷಕ್ಕೊಂದು ಸೇವೆ ಸಿಗುತ್ತದೆ. ಒಂದೇ ಒಂದು ಹೊಸ ಬಸ್ಸು ಕೊಳ್ಳಬೇಕಿಲ್ಲ. ವೇಗವೇ ಇಲ್ಲಿ ಹಣ.

ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನ ಜನ ಇದನ್ನು ಅರಿತಿದ್ದರು ಎಂದು ನನಗನ್ನಿಸುತ್ತದೆ. ಟ್ರಾಮ್‌ಗಳನ್ನು ನೆಲದಡಿಗೆ ಇಳಿಸುವ ಯೋಜನೆಯನ್ನು 1962ರಲ್ಲಿ ಮತ ಹಾಕಿ ತಿರಸ್ಕರಿಸಿದರು. 1973ರಲ್ಲಿ ಮೆಟ್ರೋ ಯೋಜನೆಯನ್ನೂ ತಿರಸ್ಕರಿಸಿದರು. 1977ರಲ್ಲಿ ಮಾತ್ರ, ಇರುವ ಟ್ರಾಮ್ ಮತ್ತು ಬಸ್ಸುಗಳಿಗೆ ದಾರಿ ಬಿಡಿಸಿ ವೇಗ ಹೆಚ್ಚಿಸಲು 20 ಕೋಟಿ ಫ್ರಾಂಕ್ ವ್ಯಯಿಸಲು ಒಪ್ಪಿಗೆ ಕೊಟ್ಟರು. ಅಂದರೆ ಸುರಂಗಕ್ಕೆ ಬೇಡವೆಂದ ಮತದಾರರೇ ಸಿಗ್ನಲ್ಲಿಗೆ, ಪಥಕ್ಕೆ, ನಿಲ್ದಾಣಕ್ಕೆ ಹಣ ಕೊಟ್ಟರು. ಇಂಥ ಕೆಲಸಕ್ಕೆ ರಿಬ್ಬನ್ ಕತ್ತರಿಸಲು ಬರುವುದಿಲ್ಲ, ಅದೇ ತೊಂದರೆ.

ಉಚಿತ ಪ್ರಯಾಣದ ಬಗ್ಗೆಯೂ ಹೀಗೆಯೇ ಅರ್ಧ ಮಾತು ಓಡಾಡುತ್ತದೆ. ಫ್ರಾನ್ಸಿನ ಡಂಕರ್ಕ್‌ನಲ್ಲಿ 2018ರಿಂದ ಬಸ್ಸು ಎಲ್ಲರಿಗೂ ಉಚಿತ, ಪ್ರಯಾಣಿಕರೂ ಹೆಚ್ಚಾದರು ಎಂದು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೇ ಮಾರ್ಗಗಳ ನಕ್ಷೆಯನ್ನು ಹೊಸದಾಗಿ ಬರೆದು ಮುಖ್ಯ ಮಾರ್ಗಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಿಟ್ಟದ್ದನ್ನು ಯಾರೂ ಹೇಳುವುದಿಲ್ಲ. ಬಾರದ ಬಸ್ಸು ಉಚಿತವಾದರೇನು, ದುಬಾರಿಯಾದರೇನು.

ಈಗ ಎಲ್ಲರೂ ಬೈಯುವ ವಿಷಯಕ್ಕೆ ಬರುತ್ತೇನೆ: ಪಾರ್ಕಿಂಗ್. ಒಂದು ಕಾರು ನಿಲ್ಲಲು ಬೇಕಾದ ಜಾಗ, ಅದು ಒಳಗೆ ಹೊರಗೆ ತಿರುಗಲು ಬೇಕಾದ ಓಣಿ ಸೇರಿ 25ರಿಂದ 30 ಚದರ ಮೀಟರ್ ಆಗುತ್ತದೆ. ಒಂದು ಸಣ್ಣ ಅಂಗಡಿಯಷ್ಟು ನೆಲ. ಕಟ್ಟಡ ಕಟ್ಟುವವರೆಲ್ಲ ಇಂತಿಷ್ಟು ಪಾರ್ಕಿಂಗ್ ಕೊಡಲೇಬೇಕು ಎಂಬ ನಿಯಮವಿದ್ದಲ್ಲಿ ಊರಿನ ಅತಿ ಬೆಲೆಬಾಳುವ ನೆಲ ಹೀಗೆ ಕರಗಿಹೋಗುತ್ತದೆ. ಒಂದು ಅಂಗಡಿಗೂ ಇನ್ನೊಂದಕ್ಕೂ ನಡುವೆ ಖಾಲಿ ಡಾಂಬರು ಬಿದ್ದರೆ ನಡೆಯುವವನಿಗೆ ಬೇಸರ, ಬೇಸರವಾದರೆ ಅವನೂ ಕಾರು ತರುತ್ತಾನೆ, ಮತ್ತಷ್ಟು ಡಾಂಬರು ಬೇಕಾಗುತ್ತದೆ. ಸೋತ ಉದಾಹರಣೆಯೆಂದು ಎಲ್ಲರೂ ಎತ್ತಿ ತೋರಿಸುವ ಅದೇ ಬಫಲೋ 2017ರಲ್ಲಿ ಕಡ್ಡಾಯ ಪಾರ್ಕಿಂಗಿನ ನಿಯಮವನ್ನು ನಗರದಾದ್ಯಂತ ಕೈಬಿಟ್ಟಿತು. ರೈಲು ಬಂದು ಮೂರು ದಶಕ ಕಳೆದ ಮೇಲೆ!

ವ್ಯಾಪಾರಿಗಳ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಮಗಾರಿಗಾಗಿ ಅಗೆದ ಬೀದಿಯಲ್ಲಿ ಸಣ್ಣ ಅಂಗಡಿ ಎರಡು ವರ್ಷ ಉಸಿರು ಹಿಡಿದು ಬದುಕಲಾರದು. ಅವರಿಗೆ ಬಾಡಿಗೆಯಲ್ಲೋ ತೆರಿಗೆಯಲ್ಲೋ ಪರಿಹಾರ ಕೊಡದೆ 'ಮುಂದೆ ಒಳ್ಳೆಯದಾಗುತ್ತದೆ' ಎನ್ನುವುದು ದರ್ಪ. ಆದರೆ ಕಾರು ಬಾರದಿದ್ದರೆ ಗಿರಾಕಿ ಬಾರನು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಬ್ರೆಜಿಲ್‌ನ ಕುರಿಚಿಬಾದಲ್ಲಿ 1972ರಲ್ಲಿ ಮೇಯರ್ ಜೈಮೆ ಲರ್ನರ್ ಪೇಟೆಯ ಮುಖ್ಯ ಬೀದಿಯನ್ನು ಒಂದು ವಾರಾಂತ್ಯದಲ್ಲೇ ಪಾದಚಾರಿ ಬೀದಿಯಾಗಿಸಿದಾಗ ಅಂಗಡಿಯವರು ಕೆಂಡವಾದರು. ಕೆಲವೇ ದಿನಗಳಲ್ಲಿ ಅವರೇ ಇದನ್ನು ಇನ್ನಷ್ಟು ಮುಂದುವರಿಸಿ ಎಂದರು. ಆ ನಗರ 1974ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥ ಕೊಟ್ಟಿತು. ಎತ್ತರದ ಕಟ್ಟಡಗಳಿಗೆ ಆ ಪಥಗಳ ಆಸುಪಾಸಿನಲ್ಲೇ ಅನುಮತಿ ಎಂದೂ ನಿಯಮ ಮಾಡಿತು. ಬಸ್ಸು ಎಲ್ಲಿ ಓಡಬೇಕು, ಜನ ಎಲ್ಲಿ ವಾಸಿಸಬೇಕು ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದರು.

ಒಂದು ಆತಂಕ ನನಗೂ ಇದೆ. ಸಾರಿಗೆ ಸುಧಾರಿಸಿ ಪೇಟೆ ಹಸನಾದರೆ ಬಾಡಿಗೆ ಏರುತ್ತದೆ. ಬಸ್ಸನ್ನೇ ನಂಬಿದವರು ಬಸ್ಸು ಕಡಿಮೆ ಇರುವ ಅಂಚಿಗೆ ಹೋಗುತ್ತಾರೆ, ಬಸ್ಸು ಹತ್ತದವರು ನಿಲ್ದಾಣದ ಪಕ್ಕದ ಮನೆ ಕೊಳ್ಳುತ್ತಾರೆ. ನಿಲ್ದಾಣದ ಸುತ್ತಲಿನ ಸರ್ಕಾರಿ ನೆಲವನ್ನು ಹರಾಜು ಹಾಕುವ ಮೊದಲು ಅದರಲ್ಲೊಂದು ಪಾಲನ್ನು ಕಡಿಮೆ ಬಾಡಿಗೆಯ ಮನೆಗಳಿಗೆ ಕಟ್ಟಿಡಬೇಕು. ಬೆಲೆ ಏರಿದ ಮೇಲೆ ಅದು ಯಾವ ಪಾಲಿಕೆಗೂ ಎಟುಕುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಇದನ್ನು ಯಾವ ವರದಿಯೂ ಗಂಭೀರವಾಗಿ ಹಿಡಿಯುವುದಿಲ್ಲ: ಕೊನೆಯ ಬಸ್ಸಿನ ಹೊತ್ತು. ರಾತ್ರಿಯೂ ಜೀವಂತವಾಗಿರುವ ಪೇಟೆ ಬೇಕು ಎನ್ನುತ್ತಾರೆ, ಬಸ್ಸುಗಳನ್ನು ಮಾತ್ರ ಒಂಬತ್ತಕ್ಕೇ ಡಿಪೋಗೆ ಅಟ್ಟುತ್ತಾರೆ. ಹನ್ನೊಂದಕ್ಕೆ ಪಾತ್ರೆ ತೊಳೆದು, ನೆಲ ಒರೆಸಿ ಹೊರಡುವ ಹೆಂಗಸು ಹೇಗೆ ಮನೆ ಸೇರಬೇಕು? ಕೊನೆಯ ಸುತ್ತಿನಲ್ಲಿ ಬಸ್ಸು ಅರ್ಧ ಖಾಲಿ ಇರುತ್ತದೆ, ನಷ್ಟ ಎನ್ನುತ್ತಾರೆ. ಆ ಬಸ್ಸು ಇದೆ ಎಂಬ ಧೈರ್ಯದಿಂದಲೇ ಸಂಜೆ ಆರರ ಬಸ್ಸಿಗೆ ಹತ್ತಿದವರು ಎಷ್ಟು ಜನ ಎಂದು ಆ ಲೆಕ್ಕದಲ್ಲಿ ಬರೆದಿರುವುದಿಲ್ಲ. ಮುಂದಿನ ಬಾರಿ ನಿಮ್ಮ ನಗರದಲ್ಲಿ ಬಣ್ಣದ ಚಿತ್ರ ಬಿಡುಗಡೆಯಾದಾಗ ವೇದಿಕೆಯ ಮೇಲಿರುವವರನ್ನು ಇದನ್ನೇ ಮೊದಲು ಕೇಳಿ: ಕೊನೆಯದು ಎಷ್ಟು ಗಂಟೆಗೆ?